ಹಳೆ ಮಡಿಕೆಯ ಗೆರೆ

ತೆರೆಯ ಬಲಮೂಲೆಯಲ್ಲಿ ಒಂದು ಕೂದಲು ಕುಣಿಯುತ್ತಿದೆ, ಎಪ್ಪತ್ತೋ ಎಂಬತ್ತೋ ವರ್ಷದ ಹಿಂದೆ ಯಾವನೋ ಕ್ಯಾಮೆರಾದವನ ಹುಬ್ಬಿನಿಂದ ಉದುರಿ ಲೆನ್ಸಿನ ಹಿಂದೆ ಸಿಕ್ಕಿಕೊಂಡದ್ದು, ಅವನು ಸತ್ತ, ನಟಿಯರು ಸತ್ತರು, ಪಿಟೀಲು ಬಾರಿಸಿದವರೆಲ್ಲ ಸತ್ತರು, ಕೂದಲು ಮಾತ್ರ ಇನ್ನೂ ಜೀವ ಹಿಡಿದುಕೊಂಡು ಕುಣಿಯುತ್ತಿದೆ — ಆದರೆ ಇದನ್ನು ಬರೆಯುವಂತಿಲ್ಲ, ಕಣ್ಣು ಕಾಣದವರಿಗೆ ಕೂದಲಿನ ಸುದ್ದಿ ಕಟ್ಟಿಕೊಂಡು ಏನು, ಮೂವತ್ತೊಂದನೇ ನಿಮಿಷ ಹನ್ನೆರಡನೇ ಸೆಕೆಂಡು, ಅವಳು ಕೀಲಿ ಒತ್ತಿ ಚಿತ್ರ ನಿಲ್ಲಿಸುತ್ತಾಳೆ, ಹಿಂದಕ್ಕೆ ಓಡಿಸುತ್ತಾಳೆ, ಮತ್ತೆ ಬಿಡುತ್ತಾಳೆ, ಗಾಜಿನಾಚೆಯ ಕೋಣೆಯಲ್ಲಿ ಮೇಷ್ಟ್ರು ಬೆತ್ತದ ಕುರ್ಚಿಯಲ್ಲಿ ಕೂತು ಕಾಯುತ್ತಿದ್ದಾರೆ, ಕಾಯುವಾಗ ಅವರು ಕುರ್ಚಿಯ ಕೈಯನ್ನು ಉಗುರಿನಿಂದ ಟಕಟಕ ಮಾಡುತ್ತಾರೆ, ಆ ಟಕಟಕ ಹೆಡ್‌ಫೋನಿನೊಳಗೂ ಬರುತ್ತದೆ. ಏನಮ್ಮ, ಈ ಕೋಟಿನವಳು ತಾಯಿ ಅಂತ ನಿಂಗ್ಯಾರು ಹೇಳಿದ್ರು? ಇಷ್ಟೇ ಅವರು ಕೇಳಿದ್ದು, ಹತ್ತು ನಿಮಿಷದ ಹಿಂದೆ, ಸೌಮ್ಯವಾಗಿಯೇ ಕೇಳಿದರು, ಮೇಷ್ಟ್ರು ಸೌಮ್ಯವಾಗಿ ಕೇಳಿದರೆಂದರೆ ತಪ್ಪು ದೊಡ್ಡದು ಎಂದೇ ಅರ್ಥ. ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ ಅವರು, ರೇಡಿಯೋ ರಿಪೇರಿ ಮಾಡುತ್ತಿದ್ದವರು, ಒಂಬತ್ತನೇ ವಯಸ್ಸಿಗೆ ಕಣ್ಣು ಹೋಗಿ ಮಿಕ್ಕ ಐವತ್ತು ವರ್ಷ ಕಿವಿಯಲ್ಲೇ ಬದುಕಿದವರು, ಕರಡು ಕೇಳಿ ಇನ್ನೊಬ್ಬರ ತಪ್ಪು ಹಿಡಿಯುವ ಗುಣಕ್ಕೆ ಈ ಸ್ಟುಡಿಯೋದವರು ಇಟ್ಟ ಹೆಸರು ಮೇಷ್ಟ್ರು. ಸಿನಿಮಾ ಹೇಳೋಕ್ಕೆ ಮುಂಚೆ ನೀನು ಹೇಳಿಬಿಟ್ಟಿದ್ದೀಯ, ಮೂವತ್ತೊಂದನೇ ನಿಮಿಷಕ್ಕೇ ತಾಯಿ ಅಂದ್ರೆ ಮಿಕ್ಕಿದ್ದನ್ನ ನಾನ್ಯಾಕೆ ಕೇಳ್ಲಿ, ಮನೆಗೆ ಹೋಗಿ ಮಲಗ್ತೀನಿ.

ಅವಳ ಕೆಲಸ ನೋಡುವುದು, ನೋಡಿದ್ದನ್ನು ಬರೆಯುವುದು. ಕಣ್ಣು ಕಾಣದವರು ಸಿನಿಮಾ ಕೇಳುವಾಗ ಮಾತು ನಿಂತ ಸಂದಿನಲ್ಲಿ ಒಂದು ದನಿ ಬಂದು ಅವನು ಬಾಗಿಲು ತೆರೆಯುತ್ತಾನೆ, ಅವಳು ಮೆಟ್ಟಿಲಿಳಿಯುತ್ತಾಳೆ ಎಂದು ಹೇಳುತ್ತದಲ್ಲ, ಆ ದನಿಗೆ ಮಾತು ಜೋಡಿಸಿಕೊಡುವವಳು, ಎರಡು ವರ್ಷ ಆಯಿತು, ಕೇಳಿದವರಿಗೆಲ್ಲ ವಿವರಿಸಿ ವಿವರಿಸಿ ಸಾಕಾಗಿ ಈಗ ಟೈಪಿಸ್ಟ್ ಎಂದುಬಿಡುತ್ತಾಳೆ. ಕಂಡದ್ದು ಮಾತ್ರ ಬರಿ, ತಿಳಿದದ್ದನ್ನ ಬರೀಬೇಡ — ಮೊದಲ ದಿನವೇ ಮೇಷ್ಟ್ರು ಹೇಳಿದ್ದು, ದುಃಖದಿಂದ ಎಂದು ಬರೆಯಬಾರದು, ತಲೆ ತಗ್ಗಿಸುತ್ತಾಳೆ ಎಂದು ಬರೆಯಬೇಕು, ದುಃಖಾನೋ ಕುತ್ತಿಗೆ ನೋವೋ ನಾನು ತೀರ್ಮಾನ ಮಾಡ್ಕೋತೀನಿ, ಅದಕ್ಕೆ ನನಗೂ ಒಂದು ತಲೆ ಇದೆ. ಇನ್ನೊಂದು ಪದ್ಧತಿ ಅವಳದೇ, ಮೊದಲ ಕರಡನ್ನು ಮುಂದಿನ ಕಥೆ ನೋಡದೆ ಬರೆಯುವುದು, ನಿಮಿಷ ನಿಮಿಷವಾಗಿ ನೋಡುತ್ತ ಬರೆಯುತ್ತ ಹೋಗುವುದು, ಕಥೆ ಗೊತ್ತಾದ ಮೇಲೆ ಕಣ್ಣು ಸೋಮಾರಿಯಾಗುತ್ತದೆ, ಎಲ್ಲವೂ ಕಥೆಗೆ ತಕ್ಕಂತೆ ಕಾಣತೊಡಗುತ್ತದೆ. ಹಾಗಾದರೆ ಹೋದ ಗುರುವಾರ ಈ ಜಾಗದಲ್ಲಿ ಕೂತು ಮೂವತ್ತೊಂದನೇ ನಿಮಿಷಕ್ಕೆ ತಾಯಿ ಎಂದು ಬರೆದಾಗ ಅವಳಿಗೂ ಏನೂ ಗೊತ್ತಿರಲಿಲ್ಲ. ಗೊತ್ತಾಗುವುದು ಎಪ್ಪತ್ತನಾಲ್ಕನೇ ನಿಮಿಷಕ್ಕೆ, ಅದನ್ನು ಅವಳು ನೋಡಿದ್ದು ಶನಿವಾರ. ಮತ್ತೆ ಗುರುವಾರವೇ ಕೈ ಹೇಗೆ ಬರೆಯಿತು, ಇದು ತಮಾಷೆಯಾಗಿದೆ, ನಾಚಿಕೆಯಾಗಬೇಕಿತ್ತು, ನಾಚಿಕೆ ಪಕ್ಕಕ್ಕಿರಲಿ, ಯಾವುದನ್ನು ನೋಡಿ ಬರೆದೆ ಎಂದು ಹುಡುಕಿ ತೆಗೆಯದಿದ್ದರೆ ಇವತ್ತು ಅನ್ನ ಗಂಟಲಲ್ಲಿ ಇಳಿಯುವುದಿಲ್ಲ — ಗೋಡೆ ಗಡಿಯಾರ ಮೂರೂ ಹತ್ತು, ಐದಕ್ಕೆ ಆಸ್ಪತ್ರೆಯಲ್ಲಿರಬೇಕು, ಫಾರಂ ಬ್ಯಾಗಿನಲ್ಲಿದೆ, ನಾಲ್ಕು ಮಡಿಕೆ ಮಾಡಿ ಬಾಚಣಿಗೆಯ ಪಕ್ಕ ಇಟ್ಟದ್ದು, ಅದನ್ನು ಆಮೇಲೆ ನೋಡೋಣ, ಮೊದಲು ಇದು.

ಸಿನಿಮಾ ಹಾಲಿವುಡ್ಡಿನದು, ಕಪ್ಪುಬಿಳುಪು, ನಮ್ಮ ಮಾತಿಗೆ ಡಬ್ ಮಾಡಿದ್ದಾರೆ, ಹನ್ನೊಂದು ವರ್ಷದ ಹುಡುಗಿಗೆ ನಲವತ್ತರ ಯಾರೋ ಮೂಗಿನಿಂದ ಮಾತಾಡಿದ್ದಾರೆ, ಹುಡುಗಿ ಅಪ್ಪಾ ಎಂದಾಗಲೆಲ್ಲ ಕಿರಾಣಿ ಅಂಗಡಿಯಲ್ಲಿ ಚೌಕಾಸಿ ಮಾಡಿದ ಹಾಗೆ ಕೇಳುತ್ತದೆ. ಹುಡುಗಿ ಡಾಕ್ಟರ ಮನೆಯವಳು, ಡಾಕ್ಟರ ಹೆಂಡತಿ ಕಟ್ಟುನಿಟ್ಟು, ಹಳೆಯದನ್ನು ಎಸೆಯದ ಹೆಂಗಸು, ಅದನ್ನು ತೋರಿಸಲೆಂದೇ ಮೊದಲ ದೃಶ್ಯದಲ್ಲಿ ಸವೆದ ಸೋಪಿನ ಚೂರುಗಳನ್ನು ಒಟ್ಟಿಗೆ ಒತ್ತುತ್ತಾಳೆ. ಪ್ರತಿ ಬುಧವಾರ ಹುಡುಗಿ ದೊಡ್ಡ ರಂಗಮಂದಿರಕ್ಕೆ ಹಾಡು ಕಲಿಯಲು ಹೋಗುತ್ತಾಳೆ, ಬಾಗಿಲಲ್ಲಿ ಕೋಟು ಕಳಚಿ ಕೊಡುತ್ತಾಳೆ, ಕೋಟು ತೆಗೆದುಕೊಂಡು ಬಿಲ್ಲೆ ಕೊಡುವ ಒಬ್ಬ ಹೆಂಗಸು ಇದ್ದಾಳೆ ಅಲ್ಲಿ, ಕಟ್ಟೆಯ ಹಿಂದೆ, ಸಾಲು ಸಾಲು ಮೊಳೆಗಳ ನಡುವೆ, ಮೂವತ್ತೊಂದು ನಿಮಿಷದವರೆಗೆ ಅವಳು ಯಾರೂ ಅಲ್ಲ, ಕೋಟಿನವಳು, ಒಂದೇ ಒಂದು ಮಾತು, ಜೋಪಾನ ಮಗೂ, ಬಿಲ್ಲೆ ಕಳೀಬೇಡ. ಎಪ್ಪತ್ತನಾಲ್ಕರಲ್ಲಿ ಡಾಕ್ಟರ ಹೆಂಡತಿ ಬಂದು ನೀನೇ ಅಲ್ವಾ ಎನ್ನುತ್ತಾಳೆ, ಪಿಟೀಲುಗಳೆಲ್ಲ ಒಟ್ಟಿಗೆ ಅಳುತ್ತವೆ, ಕೋಟಿನವಳು ಹೌದು ನಾನೇ ಹೆತ್ತೆ ಎಂದು ಎದೆ ಹಿಡಿದುಕೊಳ್ಳುತ್ತಾಳೆ, ಕ್ಯಾಮೆರಾ ಅವಳ ಕಣ್ಣೀರಿಗೆ ಮೂಗು ತಗುಲುವಷ್ಟು ಹತ್ತಿರ ಹೋಗುತ್ತದೆ, ಅವಳಿಗೆ — ನೋಡುತ್ತಿದ್ದ ಇವಳಿಗೆ — ಏನೂ ಅನಿಸಲಿಲ್ಲ ಶನಿವಾರ, ಸೆಕೆಂಡು ಅಳೆದಳು, ಬರೆದಳು, ಕಾಫಿ ಕುಡಿದಳು. ಕೊನೆಗೆ ಕೋಟಿನವಳು ಸಾಯುತ್ತಾಳೆ, ತಾಯಿ ಸಾಯದೆ ಮುಗಿಯುವ ಇಂಥ ಸಿನಿಮಾ ಇನ್ನೂ ಅವಳ ಕೈಗೆ ಬಂದಿಲ್ಲ, ಸಾಯಿಸಿದರೆ ಮಕ್ಕಳಿಗೆ ಅನುಕೂಲ, ಏನೂ ಉತ್ತರ ಕೊಡಬೇಕಾಗಿಲ್ಲ. ಆಸ್ಪತ್ರೆಯವರು ಸಣ್ಣ ಆಪರೇಷನ್ ಅಂದಿದ್ದಾರೆ. ಡಾಕ್ಟರಿಗೆ ಎಲ್ಲವೂ ಸಣ್ಣದೇ. ನಾಳೆ ಬೆಳಿಗ್ಗೆ ಏಳಕ್ಕೆ ಚಿಕ್ಕಮ್ಮನನ್ನು ಒಳಗೆ ಕರೆದುಕೊಳ್ಳುತ್ತಾರೆ, ಗರ್ಭಕೋಶದಲ್ಲಿ ಗಡ್ಡೆ, ಗರ್ಭಕೋಶವನ್ನೇ ತೆಗೆದುಬಿಡುವುದು ಒಳ್ಳೆಯದಂತೆ, ಐವತ್ತು ದಾಟಿದೆಯಲ್ಲ, ಇನ್ನೇನು ಕೆಲಸ ಅದಕ್ಕೆ ಎಂದನಂತೆ ಡಾಕ್ಟರು, ಚಿಕ್ಕಮ್ಮ ಅದನ್ನು ಹೇಳಿಕೊಂಡು ನಗುತ್ತಿದ್ದಳು ಬೆಳಿಗ್ಗೆ, ಹಳೇ ಮಿಷನ್ ಗುಜರಿಗೆ ಹಾಕ್ತೀವಿ ಅಂದ ಹಾಗಂದ ಕಣೇ, ಎಣ್ಣೆ ಬಿಟ್ರೆ ಓಡತ್ತೇನೋ ನೋಡಿ ಅಂದೆ, ನರ್ಸಮ್ಮ ಬಾಯಿ ಮುಚ್ಕೊಂಡು ಆಚೆ ಹೋದ್ಳು.

ಮತ್ತೆ ಬಿಡುತ್ತಾಳೆ, ಮೂವತ್ತೊಂದು ಹನ್ನೆರಡು. ಹುಡುಗಿ ಕೋಟು ಕೊಟ್ಟು ಓಡುತ್ತಾಳೆ, ಬಾಗಿಲು ತೆರೆದು ಮುಚ್ಚುವಷ್ಟರಲ್ಲಿ ಹಾಡಿನ ಒಂದು ತುಣುಕು ಹೊರಬಿದ್ದು ಕಡಿಯುತ್ತದೆ, ಕೋಟಿನವಳು ಕೋಟನ್ನು ಮೊಳೆಗೆ ಹಾಕುವುದಿಲ್ಲ, ಕಟ್ಟೆಯ ಮೇಲೆ ಇಡುತ್ತಾಳೆ — ಇಷ್ಟಕ್ಕೆ ತಾಯಿ ಎಂದೆನೇ, ಇಲ್ಲ, ಯಾರಾದರೂ ಇಟ್ಟಾರು, ಕೈ ಸೋತಿರಬಹುದು. ಮುಖ ನೋಡೋಣ, ಮುಖ ನೆರಳಿನಲ್ಲಿದೆ, ಏನೂ ಕಾಣುವುದಿಲ್ಲ, ಒಳ್ಳೆಯದೇ. ಸಂಗೀತವೂ ಇಲ್ಲ. ಮತ್ತೇನು — ತೋಳು. ತೋಳಿನ ತುದಿಯನ್ನು ಮಗುಚುತ್ತಾಳೆ, ಒಳಮೈ ಹೊರಗೆ, ಅಲ್ಲಿ ಒಂದು ಗೆರೆ, ಬಟ್ಟೆಯ ಬಣ್ಣಕ್ಕಿಂತ ಒಂದು ಚೂರು ಕಪ್ಪು, ಹಳೆ ಮಡಿಕೆ ಬಿಚ್ಚಿ ತೋಳನ್ನು ಉದ್ದ ಮಾಡಿದ್ದಾರೆ, ಡಾಕ್ಟರ ಹೆಂಡತಿಯ ಕೆಲಸ, ಹೊಸ ಕೋಟು ಕೊಡಿಸುವವಳಲ್ಲ ಅವಳು, ಹುಡುಗಿ ಬೆಳೆದಿದ್ದಾಳೆ ಮಡಿಕೆ ಬಿಚ್ಚು, ಅಷ್ಟೇ, ಕೋಟಿನವಳ ಹೆಬ್ಬೆರಳು ಆ ಗೆರೆಯ ಮೇಲೆ ಬರುತ್ತದೆ, ಸವರುವುದಿಲ್ಲ, ಮುದ್ದಿಸುವುದಿಲ್ಲ, ಗೆರೆಯ ಮೇಲೆ ನಿಂತು ಅಲ್ಲಿಂದ ತುದಿಯವರೆಗೆ ಎಷ್ಟಿದೆ ಎಂದು ಅಳೆಯುವ ಹಾಗೆ — ನಿಲ್ಲಿಸು. ಕೂದಲು ನಿಂತಿತು. ಹೆಬ್ಬೆರಳು ನಿಂತಿತು. ಓ, ಇದಾ. ನೀಲಿ ಲಂಗ, ಸ್ಕೂಲಿನದು, ಎರಡನೇ ಕ್ಲಾಸಿನಲ್ಲಿ ಹೊಲಿಸಿದ್ದು ಐದನೇ ಕ್ಲಾಸಿನವರೆಗೂ ಬಂತು, ಅಮ್ಮ ಪ್ರತಿ ವರ್ಷ ಶಾಲೆ ಶುರುವಾಗುವ ಮೊದಲು ಬ್ಲೇಡಿನಿಂದ ಕೆಳಗಿನ ಮಡಿಕೆ ಬಿಚ್ಚಿ ಒಂದೊಂದು ಬೆರಳಗಲ ಇಳಿಸುತ್ತಿದ್ದಳು, ಮಾಸಿದ ನೀಲಿಯ ಕೆಳಗೆ ಹೊಸ ನೀಲಿಯ ಪಟ್ಟಿ, ನಡುವೆ ಗೆರೆ, ಮುಂದಿನ ವರ್ಷ ಇನ್ನೊಂದು ಗೆರೆ, ಹುಡುಗಿಯರು ಮೆಟ್ಟಿಲು ಲಂಗ ಎಂದು ರೇಗಿಸುತ್ತಿದ್ದರು, ಆಮೇಲೆ ಚಿಕ್ಕಮ್ಮ ಬರುತ್ತಿದ್ದಳು, ವರ್ಷಕ್ಕೆ ಎರಡು ಸಲ, ಬೇರೆ ಊರಿನ ಹೊಲಿಗೆ ಕಾರ್ಖಾನೆಯಲ್ಲಿ ಕೆಲಸ, ಬಂದವಳು ಚಪ್ಪಲಿ ಬಿಟ್ಟು ಕಾಲು ತೊಳೆದು ನೀರು ಕುಡಿದು ಆಮೇಲೆ ಬಾರೇ ಇಲ್ಲಿ ಎನ್ನುತ್ತಿದ್ದಳು, ಲಂಗದ ಅಂಚನ್ನು ಮಗುಚುತ್ತಿದ್ದಳು, ಮೊಣಕಾಲಿಗೆ ತಣ್ಣಗೆ ಗಾಳಿ ತಗುಲುತ್ತಿತ್ತು, ಇದು ಯಾವಾಗ ಬಿಚ್ಚಿದ್ದು ಅಕ್ಕಾ? ಹೋದ ತಿಂಗಳು. ಇದು? ಅದು ಅದರ ಹಿಂದಿನ ವರ್ಷ, ನೋಡು ಹೆಂಗೆ ಬೆಳೀತಾಳೆ, ಥೇಟ್ ನಿನ್ನ ಕೊಕ್ಕರೆ ಕಾಲು. ಚಿಕ್ಕಮ್ಮನ ಹೆಬ್ಬೆರಳು ಗೆರೆಯ ಮೇಲೆ, ಸೂಜಿ ಚುಚ್ಚಿ ಚುಚ್ಚಿ ಉಜ್ಜುಕಾಗದದಂತಾದ ಹೆಬ್ಬೆರಳು, ಬಟ್ಟೆಗೆ ಸಿಕ್ಕಿಕೊಂಡು ಸರ್ ಎನ್ನುತ್ತಿತ್ತು, ಬಂದ್ಳಪ್ಪಾ ಇನ್ಸ್‌ಪೆಕ್ಟರು ಎಂದು ಅಮ್ಮ ನಗುತ್ತಿದ್ದಳು, ನನ್ನ ಹೊಲಿಗೆ ಸರಿ ಇಲ್ದಿದ್ರೆ ಹೇಳೇ, ನಿನ್ನ ಕಾರ್ಖಾನೆಯೋರ ಹಂಗೆ ಸಂಬಳ ಕಟ್ ಮಾಡ್ತೀಯಾ?

ಸರಿ, ಹೊಲಿಗೆಯವಳು ಹೊಲಿಗೆ ನೋಡಿದಳು, ಚಮ್ಮಾರ ಕಾಲು ನೋಡುತ್ತಾನೆ, ಕ್ಷೌರಿಕ ತಲೆ ನೋಡುತ್ತಾನೆ, ಇದರಲ್ಲಿ ಏನಿದೆ, ಇದರಿಂದ ತಾಯಿ ಎಂಬ ಮಾತು ಎಲ್ಲಿಂದ ಬರುತ್ತದೆ, ಮೇಷ್ಟ್ರು ಕೇಳಿದರೆ ಹೊಲಿಗೆಯವಳೂ ಆಗಿರಬಹುದಲ್ಲಮ್ಮ ಎನ್ನುತ್ತಾರೆ. ಅಲ್ಲ, ತಡಿ. ಗುಂಡ. ಗುಂಡನ ಚಡ್ಡಿ. ತಮ್ಮ ಅವನು, ಎರಡು ವರ್ಷಕ್ಕೆ ಚಿಕ್ಕವನು, ಅವನ ಚಡ್ಡಿಗೂ ಅಮ್ಮ ಅದೇ ಬ್ಲೇಡಿನಿಂದ ಅದೇ ದಿನ ಮಡಿಕೆ ಬಿಚ್ಚುತ್ತಿದ್ದಳು, ಅವನು ಒಂಟಿಕಾಲಲ್ಲಿ ಕುಪ್ಪಳಿಸುತ್ತ ಬಂದು ನಂದೂ ನೋಡು ಚಿಕ್ಕಮ್ಮಾ ಎಂದು ಅವಳ ಮಡಿಲಿಗೆ ಕಾಲೇ ಎತ್ತಿ ಇಡುತ್ತಿದ್ದ, ಕೊಳಕು ಕಾಲು, ಅವಳು ಬೆನ್ನು ತಟ್ಟಿ ಚೆನ್ನಾಗಿದೆ ಕಣೋ ಎನ್ನುತ್ತಿದ್ದಳು, ಮಿಠಾಯಿ ಅವನಿಗೇ ಮೊದಲು ಕೊಡುತ್ತಿದ್ದಳು, ಎತ್ತಿ ಆಡಿಸುತ್ತಿದ್ದಳು, ಎಲ್ಲ ಮಾಡುತ್ತಿದ್ದಳು, ಚಡ್ಡಿ ಮಾತ್ರ ಮಗುಚಿ ನೋಡಲಿಲ್ಲ, ಒಂದು ಸಲವೂ, ಯೋಚಿಸು, ಸುಮ್ಮನೆ ಅನುಕೂಲಕ್ಕೆ ನೆನಪು ಕಟ್ಟಬೇಡ, ಕಂಡದ್ದು ಹೇಳು — ಇಲ್ಲ. ಒಂದು ಸಲವೂ ಇಲ್ಲ. ಅವಳಿಗೆ ಹೊಲಿಗೆ ಬೇಕಿರಲಿಲ್ಲ, ಎಷ್ಟು ಬೆಳೆದೆ ಎಂಬುದು ಬೇಕಿತ್ತು, ತಾನಿಲ್ಲದಾಗ ಎಷ್ಟು ಬೆಳೆದೆ ಎಂಬುದು, ಅದು ಆ ಗೆರೆಯಲ್ಲಿ ಮಾತ್ರ ಬರೆದಿತ್ತು, ಬೇರೆ ಎಲ್ಲಿ ನೋಡಿಯಾಳು. ಎಂಟು ವರ್ಷದ ಹುಡುಗಿ ಇದನ್ನು ನೋಡಿದ್ದಳು, ಮೊಣಕಾಲಿಗೆ ಗಾಳಿ ತಗುಲಿಸಿಕೊಂಡು ನಿಂತು ನೋಡಿ ಎಲ್ಲೋ ಇಟ್ಟಿದ್ದಳು, ಇಟ್ಟದ್ದು ಯಾರಿಗೂ ಹೇಳಲಿಲ್ಲ, ತನಗೂ ಹೇಳಿಕೊಳ್ಳಲಿಲ್ಲ, ಹೋದ ಗುರುವಾರ ಅದು ಕೈಯಿಂದ ಜಾರಿ ಕರಡಿನಲ್ಲಿ ಬಿತ್ತು. ಎಂಥ ಕಳ್ಳಿ ಇವಳು. ನಗು ಬರುತ್ತದೆ, ಗಾಜಿನಾಚೆ ಟಕಟಕ ನಿಲ್ಲುತ್ತದೆ, ಮೇಷ್ಟ್ರಿಗೆ ನಗು ಕೇಳಿಸಿತು, ಏನಮ್ಮ, ಸಿಕ್ತಾ? ಹುಡುಕ್ತಾ ಇದೀನಿ ಮೇಷ್ಟ್ರೇ. ನಕ್ಕೊಂಡು ಹುಡುಕ್ತಾರಾ?

ಸಿಕ್ಕಿದ್ದು ಒಂದೇ ಅಲ್ಲವಲ್ಲ. ಇವತ್ತು ಬೆಳಿಗ್ಗೆ, ವಾರ್ಡಿನಲ್ಲಿ, ಚಿಕ್ಕಮ್ಮ ಫಾರಮ್ಮನ್ನು ತಾನೇ ನಾಲ್ಕು ಮಡಿಕೆ ಮಾಡಿ ಕೈಗಿಟ್ಟಳು, ಹತ್ತಿರದೋರು ಯಾರಾದ್ರೂ ಸಹಿ ಹಾಕ್ಬೇಕಂತೆ, ಕೆಳಗಡೆ ಸಂಬಂಧ ಅಂತ ಇದೆ, ಅಕ್ಕನ ಮಗಳು ಅಂತ ಬರಿ, ಐದಕ್ಕೆ ಕೊಡ್ಬೇಕು, ಮೇಲಿನದೆಲ್ಲ ಓದ್ಬೇಡ, ನರ್ಸಮ್ಮನ ಗೀಚಾಟ, ಅರ್ಥ ಆಗಲ್ಲ. ಓದಬೇಡ ಎಂದು ಯಾರಿಗೆ ಹೇಳುತ್ತಿದ್ದಾಳೆ, ನೋಡುವುದೇ ಕೆಲಸವಾದವಳಿಗೆ, ಬಸ್ಸಿನಲ್ಲಿ ಸೀಟು ಸಿಕ್ಕ ಕೂಡಲೇ ಬಿಚ್ಚಿ ಓದಿದಳು, ಹೆಸರು, ವಯಸ್ಸು, ಮದುವೆ ಇಲ್ಲ, ಸಕ್ಕರೆ ಇಲ್ಲ, ಹಿಂದಿನ ಆಪರೇಷನ್ ಇಲ್ಲ, ಹೆರಿಗೆ — ಮೊದಲು ಒಂದು ಸೊನ್ನೆ, ಅದರ ಮೇಲೆ ಅಡ್ಡಗೆರೆ, ಪಕ್ಕದಲ್ಲಿ ಒಂದು. ಹೆರಿಗೆ, ಒಂದು. ಎರಡು ನಿಲ್ದಾಣ ದಾಟಿ ಇಳಿದಳು, ಬಿಸಿಲಲ್ಲಿ ವಾಪಸ್ಸು ನಡೆದಳು, ನಡೆಯುತ್ತ ಬೇರೆಲ್ಲ ಲೆಕ್ಕ ಹಾಕಿದಳು, ನರ್ಸು ತಪ್ಪು ಬರೆದಿರಬಹುದು, ಮಗು ಸತ್ತಿರಬಹುದು, ಯಾರಿಗಾದರೂ ಕೊಟ್ಟಿರಬಹುದು ಎಂದುಕೊಂಡಾಗ ಯಾರಿಗಾದರೂ ಎಂಬ ಮಾತಿನ ಮುಂದೆ ಕಾಲು ತಡೆಯಿತು. ಕಂಡದ್ದು ಒಂದು. ಅದು ನಾನೇ ಎಂಬುದು ತಿಳಿದದ್ದು. ತಿಳಿದದ್ದನ್ನು ಬರೆಯಬಾರದು. ಫಾರಮ್ಮಿನ ಕೆಳಗೆ ರೋಗಿಗೆ ಸಂಬಂಧ, ಆಮೇಲೆ ಚುಕ್ಕಿಗಳ ಸಾಲು, ಅಷ್ಟು ಜಾಗದಲ್ಲಿ ಅಕ್ಕನ ಮಗಳು ಎಂದು ಬರೆದರೆ ಇಪ್ಪತ್ತಾರು ವರ್ಷ ಇದ್ದ ಹಾಗೆ ಇರುತ್ತದೆ, ಚಿಕ್ಕಮ್ಮ ನಾಳೆ ಅದೇ ನಗು ನಗುತ್ತ ಒಳಗೆ ಹೋಗುತ್ತಾಳೆ, ಬಂದರೆ ಬರುತ್ತಾಳೆ. ಮಗಳು ಎಂದು ಬರೆದರೆ — ಬರೆದರೂ ಯಾರೂ ಏನೂ ಅನ್ನುವುದಿಲ್ಲ, ಅದೇ ತೊಂದರೆ, ಚಿಕ್ಕಮ್ಮನಿಗೆ ಅಕ್ಕನ ಮಗಳೂ ಮಗಳೇ ತಾನೆ ಎನ್ನುತ್ತಾರೆ ಜನ, ಕೌಂಟರಿನವಳು ಮುದ್ರೆ ಒತ್ತಿ ಬುಟ್ಟಿಗೆ ಹಾಕುತ್ತಾಳೆ, ಆದರೆ ಬೆಂಚಿನ ಮೇಲೆ ಪಕ್ಕದಲ್ಲಿ ಅಮ್ಮ ಕೂತಿರುತ್ತಾಳೆ, ಅಮ್ಮ ಕನ್ನಡಕ ಹಾಕಿಕೊಂಡು ಎಲ್ಲ ಕಾಗದವನ್ನೂ ಓದುವವಳು, ಔಷಧಿ ಚೀಟಿಯ ಹಿಂದಿನ ಸಣ್ಣಕ್ಷರವನ್ನೂ ಬಿಡುವವಳಲ್ಲ, ಜ್ವರ ಬಂದರೆ ಮೂಗು ಹಿಡಿದು ಕಷಾಯ ಕುಡಿಸಿದವಳು, ಹೇನು ಹೆಕ್ಕಿದವಳು, ಹಾಸ್ಟೆಲಿಗೆ ಬಿಟ್ಟು ಹೋಗುವಾಗ ಅಳದೆ ಬೀಗದ ಕೀಲಿ ಕಳೀಬೇಡ ಎಂದಷ್ಟೇ ಹೇಳಿ ಬಸ್ಸು ಹತ್ತಿದವಳು, ಅವಳು ಆ ಮೂರಕ್ಷರ ಓದಿ ಕನ್ನಡಕ ತೆಗೆದು ಸೆರಗಿನಿಂದ ಒರೆಸುತ್ತಾಳೆ, ಆಗ ಇವಳು ಏನು ಬರೆಯುವುದು, ಕನ್ನಡಕ ಒರೆಸುತ್ತಾಳೆ ಎಂದೇ ಬರೆಯುವುದಾ. ಅಪ್ಪ ಎಂಬವನು ಯಾರು ಎಂಬುದು ಬೇರೆ ಸಿನಿಮಾ, ಇವತ್ತು ಅದು ಬೇಡ.

ಮೂರೂ ಮುಕ್ಕಾಲು. ಮೊದಲು ಮೇಷ್ಟ್ರ ಕೆಲಸ. ಸಂದಿಗೆ ಸಿಕ್ಕುವುದು ಐದು ಸೆಕೆಂಡು, ಹನ್ನೊಂದು ಪದಕ್ಕಿಂತ ಹೆಚ್ಚು ಹಿಡಿಯುವುದಿಲ್ಲ, ತಾಯಿ ಎಂಬುದನ್ನು ಹೊಡೆದುಹಾಕಿದಳು, ಪ್ರೀತಿಯಿಂದ ಎಂದು ಬರೆದು ಅದನ್ನೂ ಹೊಡೆದಳು, ಥೂ, ಆಮೇಲೆ ಮೈಕಿನ ಗುಂಡಿ ಒತ್ತಿ ಓದಿದಳು, ಕೋಟಿನವಳು ತೋಳಿನ ತುದಿ ಮಗುಚುತ್ತಾಳೆ. ಬಿಚ್ಚಿ ಇಳಿಸಿದ ಹಳೆ ಮಡಿಕೆ. ಗೆರೆಯ ಮೇಲೆ ಹೆಬ್ಬೆರಳು. ಗಾಜಿನಾಚೆ ಮೇಷ್ಟ್ರ ಬಲಗೈ ಎಡಗೈಯ ಅಂಗಿ ತೋಳಿಗೆ ಹೋಯಿತು, ತುದಿಯನ್ನು ಮಗುಚಿತು, ಹುಡುಕಿತು, ಅಂಗಿ ಹೊಸದು, ಅಲ್ಲಿ ಏನೂ ಇಲ್ಲ, ಆದರೂ ಹುಡುಕಿತು. ತಾಯಿ, ಎಂದರು ಮೇಷ್ಟ್ರು. ನಾನು ಹೇಳಿಲ್ಲ ಮೇಷ್ಟ್ರೇ. ಹ್ಞೂ, ನೀನು ಹೇಳಿಲ್ಲ, ನಂಗೇ ಗೊತ್ತಾಯ್ತು, ಈಗ ಸರಿ, ಮುಂದಿನದು ಓದು. ಅಷ್ಟು ಹೊತ್ತಿಗೆ ಫೋನು ಗುರ್ ಎಂದು ಮೇಜಿನ ಮೇಲೆ ತೆವಳಿತು, ಅಮ್ಮನದು, ಒಂದು ನಿಮಿಷ ಮೇಷ್ಟ್ರೇ. ಹೊರಟ್ಯಾ, ಎಂದಳು ಅಮ್ಮ. ಇನ್ನೂ ಇಲ್ಲ. ಬರ್ತಾ ಮನೆಗೆ ಹೋಗಿ ದೊಡ್ಡ ಫ್ಲಾಸ್ಕ್ ತಗೊಂಡು ಬಾ, ಮುಚ್ಚಳ ಸಡಿಲ ಇದೆ, ಮಲಗಿಸ್ಬೇಡ, ಬ್ಯಾಗೆಲ್ಲ ಒದ್ದೆ ಆಗತ್ತೆ. ಹ್ಞೂ. ಫಾರಂ ತುಂಬಿದ್ಯಾ? ಇಲ್ಲ. ಹಿಂದೆ ವಾರ್ಡಿನ ಗಾಡಿಯ ಚಕ್ರ ಕಿರುಗುಟ್ಟಿಕೊಂಡು ಹೋಯಿತು, ಅದು ದೂರವಾದ ಮೇಲೆ ಅಮ್ಮ ಹೇಳಿದಳು. ನರ್ಸು ಕೇಳ್ದಾಗ ಅವಳು ಇಲ್ಲ ಇಲ್ಲ ಅಂತಿದ್ಳು, ಸೊನ್ನೆ ಬರೆದೂ ಆಗಿತ್ತು, ನಾನೇ ಹೊಡೆಸಿ ಒಂದು ಅಂತ ಬರೆಸ್ದೆ. ಯಾಕಮ್ಮ? ಯಾಕೆ ಅಂದ್ರೆ, ಆಪರೇಷನ್ ವಿಷಯ, ಹೊಟ್ಟೆ ಕೊಯ್ಯೋರಿಗೆ ಸುಳ್ಳು ಹೇಳಕ್ಕಾಗತ್ತಾ. ಅಷ್ಟೇನಾ? ಅಷ್ಟೇ. ಕೆಳಗಡೆ ಏನು ಬರೀಲಿ ಅಮ್ಮ? ನನ್ನ ಕೇಳ್ತೀಯಲ್ಲ, ಓದಿದೋಳು ನೀನು, ನಿಂಗೆ ಕಂಡ ಹಾಗೆ ಬರಿ, ಏನು ಬರೆದ್ರೂ ರಾತ್ರಿ ಊಟಕ್ಕೆ ನಮ್ಮನೆಗೇ ತಾನೆ ಬರೋದು, ಫ್ಲಾಸ್ಕ್ ಮರೀಬೇಡ.

ಫೋನು ಕೆಳಗಿಟ್ಟಳು. ಬಂದೆ ಮೇಷ್ಟ್ರೇ, ಇನ್ನೊಂದೇ ನಿಮಿಷ. ಫಾರಂ ತೆಗೆದು ಬಿಚ್ಚಿ ಕೀಲಿಮಣೆಯ ಮೇಲೇ ಹರಡಿದಳು, ನಾಲ್ಕು ಮಡಿಕೆ, ಅಡ್ಡಡ್ಡ ಒಂದು ಗೆರೆ, ಉದ್ದುದ್ದ ಒಂದು, ಚಿಕ್ಕಮ್ಮ ಉಗುರು ಎಳೆದು ಮಡಿಸಿದ್ದಾಳೆ, ಕತ್ತರಿಸುವ ಮೊದಲು ಬಟ್ಟೆ ಮಡಿಸುವ ಹಾಗೆ, ಕಾಗದ ಗೆರೆಯಲ್ಲಿ ಬೆಳ್ಳಗಾಗಿದೆ, ಓದಬೇಡ ಎಂದವಳು ಹೊಡೆದ ಸೊನ್ನೆಯ ಮೇಲೆ ಶಾಯಿ ಬಳಿಯಬಹುದಿತ್ತು, ಬೇರೆ ಫಾರಂ ಕೇಳಿ ತೆಗೆದುಕೊಳ್ಳಬಹುದಿತ್ತು, ಗುಂಡನ ಕೈಯಲ್ಲಿ ಸಹಿ ಹಾಕಿಸಬಹುದಿತ್ತು, ಯಾವುದನ್ನೂ ಮಾಡಲಿಲ್ಲ, ಮಡಿಸಿ ಇವಳ ಕೈಗೇ ಕೊಟ್ಟಳು, ಕೊಡುವಾಗ ಎಲ್ಲಿ ನೋಡುತ್ತಿದ್ದಳು — ಇವಳ ಚೂಡಿದಾರದ ಅಂಚಿನ ಕಡೆ, ಹೌದು, ಅಲ್ಲೇ, ಇಪ್ಪತ್ತಾರು ವರ್ಷದವಳ ಅಂಚಿನಲ್ಲಿ ಏನಿದೆ ನೋಡುವುದಕ್ಕೆ, ಅಂಗಡಿಯಲ್ಲಿ ಕೊಂಡದ್ದು, ಮಡಿಕೆಯೇ ಇಲ್ಲ, ಬೆಳೆಯುವುದು ನಿಂತು ಎಷ್ಟು ಕಾಲವಾಯಿತು, ಆದರೂ ಚಿಕ್ಕಮ್ಮನ ಕೈ ಮುಂದೆ ಬಂತು, ಅಂಚಿನ ಹತ್ತಿರ ಬಂದು ಹೊದಿಕೆಯೊಳಗೆ ವಾಪಸ್ಸು ಹೋಯಿತು. ಪೆನ್ನಿನ ಮುಚ್ಚಳ ತೆಗೆದಳು. ಕಂಡ ಹಾಗೆ. ಕಾಗದ ಜಾರದಿರಲೆಂದು ಎಡಗೈಯಿಂದ ಅದುಮಿ ಹಿಡಿದಳು, ಚುಕ್ಕಿಗಳ ಮೇಲೆ ಮ ಬರೆದಳು, ಗ ಬರೆದಳು, ಳು ಬರೆದಳು, ಬರೆದದ್ದು ಚಿಕ್ಕದಾಗಿ ಬಂತು, ಅರ್ಧ ಸಾಲು ಖಾಲಿ ಉಳಿಯಿತು, ಉಳಿಯಲಿ, ಹೆಸರು ಬರೆದಳು, ಸಹಿ ಹಾಕಿದಳು, ಆಯಿತು, ಇನ್ನು ಅದುಮಿ ಹಿಡಿಯಬೇಕಾಗಿಲ್ಲ, ಮೇಷ್ಟ್ರು ಟಕಟಕ ಶುರು ಮಾಡಿದ್ದಾರೆ, ಫ್ಲಾಸ್ಕು, ಮುಚ್ಚಳ, ಮಲಗಿಸಬಾರದು, ತೆರೆಯ ಮೇಲೆ ನಿಂತ ಕೂದಲು, ನಿಂತ ಕೋಟು, ಮಗುಚಿದ ತೋಳು, ಕೆಳಗೆ ಕಾಗದದ ಮೇಲೆ ಎಡಗೈ, ಗೆರೆ, ಗೆರೆಯ ಮೇಲೆ ಹೆಬ್ಬೆರಳು, ತೆಗೆಯುವುದಿಲ್ಲ, ಹೆಬ್ಬೆರಳು